ಮೂರು ದಿನದ ನಾರ್ಮಲ್

ಫೆಬ್ರವರಿ 5, 2025, ಬುಧವಾರ

ರಂಜಿತ್ ನಿನ್ನೆ ಬೆಳಿಗ್ಗೆ ಬೋಟಿಗೆ ಹೋದ. ಆಳಸಮುದ್ರದ ಬೋಟು, ಇನ್ನು ಹತ್ತು ದಿನ ಬರುವುದಿಲ್ಲ, ಫೋನೂ ಸಿಗುವುದಿಲ್ಲ. ಹೋಗುವಾಗ ಮಗಳ ಕೆನ್ನೆ ಹಿಂಡಿ, ನನ್ನ ಕಡೆ ತಿರುಗಿ "ಅಪ್ಪ, ನೋಡಿಕೊಳ್ಳಿ" ಎಂದ. ಹೊಸತಾಗಿ ಎಂತ ನೋಡಿಕೊಳ್ಳುವುದು? ಮೋಕ್ಷಾಳಿಗೆ ಈಗ ಮೂರು ವರ್ಷ ನಾಲ್ಕು ತಿಂಗಳು. ಹುಟ್ಟಿದಲ್ಲಿಂದ ಅವಳನ್ನು ನೋಡಿಕೊಂಡದ್ದು ನನ್ನ ಹೆಂಡತಿ ದಮಯಂತಿ ಮತ್ತು ನಾನು. ದಮಯಂತಿ ತೀರಿಹೋಗಿ ಎರಡು ವರ್ಷವಾಯಿತು, ಅಲ್ಲಿಂದ ನಾನೊಬ್ಬನೇ.

ರಂಜಿತನ ಹೆಂಡತಿ ನಾಳೆ ಕೊಚ್ಚಿಗೆ ಹೊರಟಿದ್ದಾಳೆ. ಬಿಜೈಯ ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ಕಣ್ಣು ಪರೀಕ್ಷೆ ಮಾಡುವ ಯಾವುದೋ ಹೊಸ ಮೆಷಿನ್ ಬಂದಿದೆಯಂತೆ, ಮೂರು ದಿನದ ಟ್ರೈನಿಂಗ್. ಭಾನುವಾರ ಬೆಳಿಗ್ಗೆ ವಾಪಸ್. ಮಗುವಿಗೆ ಸ್ವಲ್ಪ ಶೀತ ಇದೆ ಎಂದು ಫ್ರಿಜ್ಜಿನ ಬಾಗಿಲಿಗೆ ಒಂದು ಚಾರ್ಟ್ ಅಂಟಿಸಿದ್ದಾಳೆ. ಹಾಲು, ಊಟ, ನಿದ್ದೆ, ಟೆಂಪರೇಚರ್. ದಿನಕ್ಕೆ ಮೂರು ಸಲ ತುಂಬಿಸಬೇಕಂತೆ.

"ಫೋನಿನಲ್ಲಿ ಕೇಳಿದ್ರೆ ನೀವು ಕಥೆ ಶುರು ಮಾಡ್ತೀರಿ ಮಾಮ. ಚಾರ್ಟಿನ ಫೋಟೋ ಕಳಿಸಿ, ಸಾಕು."

ಚಾರ್ಟ್ ಬರೆಯುವುದನ್ನು ನನಗೆ ಕಲಿಸುವುದು. ಮೂವತ್ತೊಂದು ವರ್ಷ, ಮೀನಿನ ಬೋಟು ನಿಲ್ಲುವ ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಲಾಗ್ ಬುಕ್ ಬರೆದವನು ನಾನು. ಗಂಟೆಗೊಮ್ಮೆ ಉಪ್ಪುನೀರಿನ ಟ್ಯಾಂಕಿನ ಟೆಂಪರೇಚರ್ ನೋಡುವುದು, ಬರೆಯುವುದು, ಸಹಿ ಹಾಕುವುದು. ಅಲ್ಲಿ ನಮಗೊಂದು ಅಭ್ಯಾಸವಿತ್ತು; ಇಲ್ಲಿ ಬರೆಯಲಿಕ್ಕೆ ಅಡ್ಡಿಯಿಲ್ಲ, ನನ್ನ ಈ ದಿನಚರಿಯನ್ನು ಯಾರೂ ಓದುವುದಿಲ್ಲ. ಚಹಾಕ್ಕೆ ಹೋಗಿ ರೀಡಿಂಗ್ ತಪ್ಪಿದರೆ ಆ ಜಾಗ ಖಾಲಿ ಬಿಡುತ್ತಿರಲಿಲ್ಲ. ಹಿಂದಿನ ಗಂಟೆಯದ್ದು ನೋಡಿ ಒಂದು ಅಂದಾಜಿನ ಸಂಖ್ಯೆ ಹಾಕುವುದು. ಎಲ್ಲರೂ ಹಾಗೆಯೇ. ಖಾಲಿ ಜಾಗ ಕಂಡರೆ ಮ್ಯಾನೇಜರು ಹಾರಾಡುತ್ತಿದ್ದರು, ಅಂದಾಜಿನ ಸಂಖ್ಯೆಯನ್ನು ಯಾರೂ ಕೇಳುತ್ತಿರಲಿಲ್ಲ. ಐಸ್ ಅಂತೂ ಆಗಿಯೇ ಆಗುತ್ತಿತ್ತು.

ಅವಳು ಕಥೆ ಎಂದದ್ದು ಸುಳ್ಳಲ್ಲ. ಬಿ.ಎ. ಎರಡನೇ ವರ್ಷದ ತನಕ ಓದಿದ್ದೇನೆ. ಹೊಯಿಗೆಬಜಾರಿನ, ಮೀನು ಹಿಡಿಯುವ ನಮ್ಮ ಮೊಗವೀರರ ಮನೆಗಳಲ್ಲಿ ಆಗ ಅದೇ ದೊಡ್ಡದು. ಇಂಗ್ಲಿಷಿನಲ್ಲಿ ಪ್ರೆಸೀ ರೈಟಿಂಗ್ ಎಂದು ಒಂದಿತ್ತು, ಮುನ್ನೂರು ಶಬ್ದವನ್ನು ನೂರಕ್ಕೆ ಇಳಿಸುವುದು. ಸರ್ ನನ್ನ ಪೇಪರ್ ಎತ್ತಿ ಹಿಡಿದು, "ಯಾದವ, ಯು ಕೀಪ್ ಎವ್ರಿಥಿಂಗ್ ಅಂಡ್ ಲೀವ್ ಔಟ್ ದಿ ಪಾಯಿಂಟ್" ಎಂದಿದ್ದರು. ಎಲ್ಲ ಇಟ್ಟುಕೊಂಡಿದ್ದೀ, ಮುಖ್ಯವಾದದ್ದನ್ನೇ ಬಿಟ್ಟಿದ್ದೀ. ಇಡೀ ಕ್ಲಾಸು ನಕ್ಕಿತ್ತು. ಆ ಸರ್ ಹೆಸರು ಮರೆತಿದೆ, ಮಾತು ಮರೆತಿಲ್ಲ.

ಇವತ್ತಿನ ಬಂಗುಡೆ ಮೀನಿನ ಸಾರಿಗೆ ಹುಳಿ ಜಾಸ್ತಿ. ಅವಳ ಕೈಯೇ ಹಾಗೆ.

ಫೆಬ್ರವರಿ 6, ಗುರುವಾರ

ಮಧ್ಯಾಹ್ನ ಮೂರಕ್ಕೆ ಮಗು ಎದ್ದಾಗ ಮೈ ಸುಡುತ್ತಿತ್ತು. 101.2. ಶೀತದ ಜ್ವರ ಇರಬೇಕು. ಡಬ್ಬಿಯಲ್ಲಿ ಕಳೆದ ಸಲದ ಪ್ಯಾರಾಸಿಟಮಾಲ್ ಸಿರಪ್ ಇತ್ತು, ಕೊಟ್ಟೆ. ಸಂಜೆಗೆ ಸ್ವಲ್ಪ ಇಳಿಯಿತು.

ಏಳೂವರೆಗೆ ವಿಡಿಯೋ ಕಾಲ್ ಬಂತು. ಮೋಕ್ಷಾ ನನ್ನ ತೊಡೆಯ ಮೇಲೆ ಕುಳಿತು ಅಮ್ಮನಿಗೆ ಗೊಂಬೆ ತೋರಿಸಿದಳು. "ಸೌಖ್ಯ ಉಂಟಲ್ಲ ಮಾಮ?" ಎಂದು ಸೊಸೆ ಕೇಳಿದಳು. ಉಂಟು ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಇಲ್ಲಾದರೂ ಬರೆಯಬೇಕು. ದೀಪಾವಳಿ ಹೊತ್ತಿಗೆ ಮಗುವಿಗೆ ಹೊಟ್ಟೆನೋವು ಎಂದು ನಾನು ಓಮದ ಕಷಾಯ ಮಾಡಿ ಕುಡಿಸಿದ್ದೆ. ವಾಂತಿ ಆಯಿತು, ದೊಡ್ಡದೇನೂ ಅಲ್ಲ. ಆದರೆ ಅವಳು ಅವತ್ತು ಸಣ್ಣ ಸ್ವರದಲ್ಲಿ ಹೇಳಿದ್ದಳು, "ಇನ್ನೊಂದು ಸಲ ನನಗೆ ಹೇಳದೆ ಎಂತಾದ್ರೂ ಮಾಡಿದ್ರೆ ಮಗುವನ್ನು ಕಾಪುವಿನಲ್ಲಿ ಅಮ್ಮನ ಹತ್ರ ಬಿಡ್ತೇನೆ." ಬಿಟ್ಟರೆ ನಾನು ಕೇಳುವ ಹಾಗೂ ಇಲ್ಲ. ನಮ್ಮಲ್ಲಿ ಮಗು ಸೇರುವುದು ತಾಯಿಯ ಬಳಿಗೆ, ಎಂದರೆ ತಾಯಿಯ ಕುಲಕ್ಕೆ, ತಾಯಿಯ ಮನೆಗೆ. ಮಗುವೂ ಹೋದರೆ ಈ ಕುಲಶೇಖರದ ಮನೆಯಲ್ಲಿ ನಾನು ಮಾತಾಡುವುದು ಯಾರೊಡನೆ, ಫ್ರಿಜ್ಜಿನೊಡನೆಯೇ?

ಒಂದು ದಿನದ ಜ್ವರಕ್ಕೆ ಅಷ್ಟೆಲ್ಲ ಯಾಕೆ. ಚಾರ್ಟಿನಲ್ಲಿ 'ನಾರ್ಮಲ್' ಎಂದು ಬರೆದು ಫೋಟೋ ಕಳಿಸಿದೆ. ಹೆಬ್ಬೆರಳು ಎತ್ತಿದ ಚಿತ್ರ ಬಂತು.

ಫೆಬ್ರವರಿ 7, ಶುಕ್ರವಾರ

ಬೆಳಿಗ್ಗೆ 102.4. ಬಟ್ಟೆ ಬದಲಿಸುವಾಗ ನೋಡಿದೆ, ಹೊಟ್ಟೆ, ಬೆನ್ನು, ತೊಡೆಯ ಸಂದು, ಎಲ್ಲ ಕಡೆ ಕೆಂಪು ಕೆಂಪು. ಕಣ್ಣೂ ಕೆಂಪು, ಆದರೆ ರೆಪ್ಪೆಗೆ ಅಂಟುವ ಪಿಸುರು ಇಲ್ಲ, ನೀರು ಸುರಿಯುವುದೂ ಇಲ್ಲ.

ದಮಯಂತಿ ಇದ್ದಿದ್ದರೆ 'ಕೆಂಪು' ಎನ್ನುತ್ತಿದ್ದಳು. ನಮ್ಮ ಕಡೆ ಸಣ್ಣ ಮಕ್ಕಳ ಮೈಯಲ್ಲಿ ಹೀಗೆ ಎದ್ದರೆ ಅದಕ್ಕೆ ಹೆಸರೇ ಕೆಂಪು. ಅದಕ್ಕೆ ಮದ್ದು ಕೊಡುವವರು ಬೇರೆಯೇ ಇದ್ದಾರೆ. ರಂಜಿತನಿಗೆ ಎಂಟು ತಿಂಗಳಾಗಿದ್ದಾಗ ದಮಯಂತಿ ಅವನನ್ನು ಎತ್ತಿಕೊಂಡು ಹೋದದ್ದು ಮುದ್ದಕ್ಕನಲ್ಲಿಗೆ. ಮುದ್ದಕ್ಕ ಇನ್ನೂ ಇದ್ದಾರೆ, ಕುಲಶೇಖರದ ಇಳಿಜಾರಿನ ಕೊನೆಯ ಮನೆ. ಎಂಬತ್ತರ ಹತ್ತಿರ ಇರಬಹುದು.

ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋದೆ. ಎಂತದೋ ತೊಗಟೆ, ಎಂತದೋ ಸೊಪ್ಪು, ತೆಂಗಿನ ಹಾಲಿನಲ್ಲಿ ಅರೆದು ನಾಲಿಗೆಗೆ ಒಂದು ಹನಿ, ಮೈಗೆಲ್ಲ ಲೇಪ. ಮೂರು ದಿನ ಬೆಳಿಗ್ಗೆ ಬರಬೇಕು, ಮುಗಿಯುವ ತನಕ ಹೊರಗೆ ಹೇಳಬಾರದು ಎಂದರು. ಅದು ಅವರ ಪದ್ಧತಿ. ನನಗೂ ಅದೇ ಬೇಕಿತ್ತು.

ಚಾರ್ಟ್: ಹಾಲು ಅರ್ಧ ಲೋಟ. ಊಟ ಗಂಜಿ ಎರಡು ಚಮಚ, ನಾನು ಬರೆದದ್ದು ಒಂದು ಬಟ್ಟಲು. ಟೆಂಪರೇಚರ್ ನಾರ್ಮಲ್.

ಫೆಬ್ರವರಿ 8, ಶನಿವಾರ

103.

ಮುದ್ದಕ್ಕ ಮದ್ದು ಅರೆಯುವ ಕಲ್ಲು ಮುಟ್ಟಲಿಲ್ಲ. ಮಗುವಿನ ತುಟಿ ನೋಡಿದರು. ಒಣಗಿ ಬಿರುಕು ಬಿಟ್ಟು ರಕ್ತದ ಗೆರೆ. ಗಲ್ಲ ಹಿಡಿದು ನಾಲಿಗೆ ಹೊರಗೆ ಹಾಕಿಸಿ ನೋಡಿದರು. ಕಣ್ಣು ನೋಡಿದರು.

"ಇದು ಕೆಂಪಲ್ಲ ಯಾದವಣ್ಣ. ಕೆಂಪಿನಲ್ಲಿ ತುಟಿ ಒಡೆಯುದಿಲ್ಲ. ನನ್ನ ಮದ್ದಿನದ್ದಲ್ಲ ಇದು, ಡಾಕ್ಟ್ರಲ್ಲಿಗೆ ಕರ್ಕೊಂಡು ಹೋಗಿ."

"ನಾಳೆ ಅವಳ ಅಮ್ಮ ಬರ್ತಾಳೆ."

"ನಾಳೆ ಯಾಕೆ? ಇವತ್ತು ಡಾಕ್ಟ್ರಿಲ್ವಾ?"

ಇದ್ದಾರೆ. ಆದರೆ ಡಾಕ್ಟರು ಚೀಟಿ ಕೊಡುತ್ತಾರೆ, ಚೀಟಿಯ ಮೇಲೆ ತಾರೀಕು ಇರುತ್ತದೆ. ಗುರುವಾರದಿಂದ ನಾರ್ಮಲ್ ಎಂದು ಬರೆದವನು ಶನಿವಾರದ ಚೀಟಿಯನ್ನು ಎಲ್ಲಿ ಇಡುವುದು?

ಚಾರ್ಟ್ ತುಂಬಿಸಿದೆ. ಮೂರು ದಿನ, ಮೂರು ಸಾಲು, ಒಂದೇ ಶಬ್ದ. ಬಹಳ ಚಂದ ಕಾಣುತ್ತದೆ.

ಫೆಬ್ರವರಿ 9, ಭಾನುವಾರ

ಕೊಚ್ಚಿಯಿಂದ ಬಂದವಳು ಬ್ಯಾಗ್ ಕೆಳಗಿಡುವ ಮೊದಲೇ ಮಗುವಿನ ಹಣೆ ಮುಟ್ಟಿದಳು.

"ಯಾವಾಗಿಂದ?"

"ಇವತ್ತು ಬೆಳಿಗ್ಗೆಯಿಂದ."

ಫೆಬ್ರವರಿ 11, ಮಂಗಳವಾರ

ನಿನ್ನೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿದ್ದೆವು. "ಎರಡನೇ ದಿನ ಅಲ್ವಾ, ವೈರಲ್ ಇರಬೇಕು" ಎಂದರು ಅಲ್ಲಿನ ಡಾಕ್ಟರು. ಅವರ ತಪ್ಪೇನಿದೆ? ಎರಡನೇ ದಿನಕ್ಕೆ ಯಾರಾದರೂ ಹಾಗೆಯೇ ಹೇಳುತ್ತಾರೆ. ಕಣ್ಣಿನ ಕೆಂಪು ಭಾನುವಾರಕ್ಕೇ ಇಳಿದಿತ್ತು, ಹಾಗಾಗಿ ಅದರ ಮಾತೇ ಬರಲಿಲ್ಲ.

ಸೊಸೆ ದೀಕ್ಷಿತಾ ರಜೆ ಹಾಕಿದ್ದಾಳೆ. ಮಗುವನ್ನು ಕೆಳಗಿಡುವುದಿಲ್ಲ, ಇಟ್ಟರೆ ಮಗು ಅಳುತ್ತದೆ. ಇಂದು ಚಪ್ಪಲಿ ಹಾಕಲು ನೋಡಿದರೆ ಕಾಲು ಒಳಗೆ ಹೋಗಲಿಲ್ಲ. "ಚಪ್ಪಲಿ ಸಣ್ಣದಾಯ್ತಾ ಮಾಮ, ಹೋದ ತಿಂಗಳು ತೆಗೊಂಡದ್ದಲ್ವಾ?" ಎಂದಳು. ನಾನು ಮಗುವಿನ ಪಾದ ಹಿಡಿದು ನೋಡಿದೆ. ಉಬ್ಬಿದೆ. ಮಕ್ಕಳು ಬೆಳೆಯುತ್ತವೆ ಎಂದೆ. ಹಾಗೆ ಹೇಳುವಾಗ ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ.

ಸಂಜೆ ಕ್ಯಾಲ್ವಿನ್ ಬಂದಿದ್ದ. ಪಕ್ಕದ ಮನೆಯವನು, ರಿಕ್ಷಾ ಓಡಿಸುವುದು. ಬಾಗಿಲಲ್ಲೇ ನಿಂತ.

"ದಡಾರ ಇರಬೇಕು ಯಾದವಣ್ಣ. ನಮ್ಮ ಅಕ್ಕನ ಮಗನಿಗೂ ಹೀಗೇ. ಒಂಬತ್ತು ದಿನ ಗಾಳಿ ತಾಗಿಸ್ಬಾರ್ದು."

"ಅದಕ್ಕೆ ಇಂಜೆಕ್ಷನ್ ಆಗಿದೆ ಮಾರಾಯ, ಎರಡು ಸಲ."

"ಇಂಜೆಕ್ಷನಿಗೆ ಎಂತ ಗೊತ್ತುಂಟು? ನಾನು ಬಿಕರ್ನಕಟ್ಟೆಗೆ ಹೋಗಿ ಬಾಲಯೇಸುವಿಗೆ ಮೊಂಬತ್ತಿ ಇಟ್ಟು ಬಂದೆ. ನಿಮ್ಮದು ಬೇರೆ ಲೈನ್, ಆದ್ರೂ ಇರ್ಲಿ."

ನಗು ಬಂತು. ದೀಕ್ಷಿತಾ ಕೂಡ ಸ್ವಲ್ಪ ನಕ್ಕಳು. ಎರಡು ದಿನದಲ್ಲಿ ಮೊದಲ ಸಲ. ನಗುವಾಗ ಅವಳ ಕಣ್ಣಿನ ಕೆಳಗಿನ ಕಪ್ಪು ಎದ್ದು ಕಂಡಿತು. ರಾತ್ರಿಯೆಲ್ಲ ಮಲಗುತ್ತಿಲ್ಲ ಅವಳು.

ಫೆಬ್ರವರಿ 12, ಬುಧವಾರ, ದೀಪ ಹಚ್ಚುವ ಹೊತ್ತು

ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದೆವು. ಡಾಕ್ಟರ್ ಬದ್ರುದ್ದೀನ್, ಬಿಜೈಯಲ್ಲಿ. ಮಗುವಿನ ಅಂಗಿ ತೆಗೆಸಿ ಅಂಗಾಲಿನಿಂದ ನೆತ್ತಿಯ ತನಕ ನೋಡಿದರು. ಮೇಜಿನ ಮೇಲಿದ್ದ ಗಾಜಿನ ಲೋಟ ತೆಗೆದು ಹೊಟ್ಟೆಯ ಕೆಂಪಿನ ಮೇಲೆ ಒತ್ತಿದರು. ಗಾಜಿನ ಅಡಿಯಲ್ಲಿ ಕೆಂಪು ಮಾಯ, ತೆಗೆದರೆ ಮತ್ತೆ ಬಂತು.

"ಒತ್ತಿದಾಗ ಹೋಗ್ತದಲ್ಲ, ಅಷ್ಟು ಸಮಾಧಾನ. ಜ್ವರ ಇದ್ದು, ಹೀಗೆ ಒತ್ತಿದ್ರೂ ಕಲೆ ಹೋಗದೆ ಉಳಿದ್ರೆ ಒಂದು ನಿಮಿಷ ಮನೇಲಿ ಕೂರ್ಬಾರ್ದು, ಸೀದಾ ಆಸ್ಪತ್ರೆ. ಹೋಗ್ತದೆ ಅಂತ ಸುಮ್ಮನೆ ಕೂರ್ಲಿಕ್ಕೂ ಆಗುದಿಲ್ಲ. ಗೊತ್ತಾಯ್ತಾ ಅಮ್ಮ?"

ದಡಾರ ಅಲ್ಲ ಎಂದರು. ಅದಾದರೆ ಕಿವಿಯ ಹಿಂದೆ, ಮುಖದಲ್ಲಿ ಶುರುವಾಗಿ ಕೆಳಗೆ ಇಳಿಯುತ್ತದೆ, ಕೆಮ್ಮು, ಮೂಗು ಸುರಿಯುವುದು ಜೋರಿರುತ್ತದೆ. ಕೈ, ಕಾಲು, ಬಾಯಿಯಲ್ಲಿ ನೀರುಗುಳ್ಳೆ ಇಲ್ಲ, ಹಾಗಾಗಿ ಅಲ್ಲೆಲ್ಲ ಗುಳ್ಳೆ ಏಳುವ ಜ್ವರವೂ ಅಲ್ಲ. "ಮಕ್ಕಳ ಜ್ವರದಲ್ಲಿ ಮೈ ಕೆಂಪಾಗುದು ನೂರು ಥರ ಉಂಟು. ಹೆಚ್ಚಿನವು ತನ್ನಷ್ಟಕ್ಕೆ ಹೋಗ್ತವೆ. ಕೆಲವು ಮಾತ್ರ ನಮ್ಮ ಹತ್ರ ದಿನದ ಲೆಕ್ಕ ಕೇಳ್ತವೆ."

ನಾಲಿಗೆಯ ಕೆಂಪು ಬೊಕ್ಕೆ, ಒಡೆದ ತುಟಿ, ಕುತ್ತಿಗೆಯ ಗಂಟು, ಎಲ್ಲ ನೋಡಿ ನಿಂತರು. ಕಾಲಿನ ಬಾವನ್ನು ಒತ್ತಿ ನೋಡಿ, ಇದೊಂದು ಸಂಶಯ ಎಂದರು. "ಕಣ್ಣು ಕೆಂಪಾಗಿತ್ತಾ?"

"ಇಲ್ಲ ಡಾಕ್ಟ್ರೇ, ನಾನು ಬಂದಲ್ಲಿಂದ ಇಲ್ಲ" ಎಂದಳು ದೀಕ್ಷಿತಾ. ಸತ್ಯವನ್ನೇ ಹೇಳಿದಳು.

"ಜ್ವರ ಯಾವತ್ತು ಶುರು? ಮನೇಲಿ ಇದ್ದದ್ದು ನೀವಲ್ವಾ ಅಜ್ಜ?"

ನಾನು ಶೀತದಿಂದ ಶುರುಮಾಡಿದೆ. ರಂಜಿತ್ ಬೋಟಿಗೆ ಹೋದದ್ದು, ಇವಳ ಟ್ರೈನಿಂಗ್, ಮಗು ಹಾಲು ಬಿಟ್ಟದ್ದು. ಅವರು ಕೈ ಎತ್ತಿದರು. "ಅಜ್ಜ, ಸ್ವಲ್ಪ ಶಾರ್ಟ್ ಮಾಡಿ." ದೀಕ್ಷಿತಾ ಫೋನಿನಲ್ಲಿ ಚಾರ್ಟಿನ ಫೋಟೋ ತೋರಿಸಿದಳು. ಗುರು, ಶುಕ್ರ, ಶನಿ, ನಾರ್ಮಲ್. ಭಾನುವಾರ 102.8.

"ಹಾಂ, ಇದು ಚಾರ್ಟ್. ಹೀಗಿರ್ಬೇಕು" ಎಂದರು ಡಾಕ್ಟರು. "ಇವತ್ತು ನಾಲ್ಕನೇ ದಿನ. ಕಾವಾಸಾಕಿ ಅಂತ ಒಂದು ಕಾಯಿಲೆ ಉಂಟು, ಅದರ ಮೇಲೆ ನನಗೆ ಸಣ್ಣ ಡೌಟು. ಆದ್ರೆ ಐದು ದಿನದ ಜ್ವರ ಆಗ್ಬೇಕು, ಲಕ್ಷಣ ಇನ್ನೂ ಪೂರ್ತಿ ಕೂಡಿಲ್ಲ. ಬ್ಲಡ್ ಕೊಟ್ಟು ಹೋಗಿ, ಶುಕ್ರವಾರ ಬನ್ನಿ. ಜ್ವರ ಹೆಚ್ಚಾದ್ರೆ, ಮಗು ಬಾಡಿದ್ರೆ ಮೊದಲೇ ಬನ್ನಿ."

"ಅದು ಎಂತ ಮಾಡ್ತದೆ ಡಾಕ್ಟ್ರೇ?"

"ಹೃದಯಕ್ಕೆ ರಕ್ತ ಕೊಡುವ ನಾಳ ಉಂಟಲ್ಲ, ಅದು ಕೆಲವು ಮಕ್ಕಳಲ್ಲಿ ಉಬ್ಬಿ ಸಡಿಲ ಆಗ್ತದೆ. ಮದ್ದು ಉಂಟು, ಹೆದರ್ಬೇಡಿ. ಹತ್ತು ದಿನದೊಳಗೆ ಕೊಡ್ಬೇಕು, ಬೇಗ ಆದಷ್ಟು ಒಳ್ಳೇದು. ನಮಗೆ ಟೈಮ್ ಉಂಟು."

ಟೈಮ್ ಉಂಟು ಎಂದಾಗ ನಾನು ಮೇಜಿನ ಅಡಿಯಲ್ಲಿ ಬೆರಳು ಮಡಚಿದೆ. ಗುರು, ಶುಕ್ರ, ಶನಿ, ಭಾನು, ಸೋಮ, ಮಂಗಳ, ಬುಧ. ಏಳು.

ಆಗ ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ರಿಕ್ಷಾದಲ್ಲಿ ಹೇಳಬಹುದಿತ್ತು. ಮಗು ಇವಳ ಹೆಗಲ ಮೇಲೆ ಮಲಗಿತ್ತು, ಇವಳು ನನ್ನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದ್ದಳು, ಎಬ್ಬಿಸಬಾರದು ಎನಿಸಿತು. ಒಂದಲ್ಲ ಒಂದು ಕಾರಣ ಸಿಗುತ್ತದೆ ನನಗೆ.

ದಮಯಂತಿಯ ವಿಷಯ ಇಲ್ಲಿ ಬರೆಯಬಾರದು ಎಂದಿದ್ದೆ. ಅವಳು ಎದೆಯಲ್ಲಿ ಉರಿ ಎಂದು ಹೇಳಲು ಶುರುಮಾಡಿದ ಮೂರನೇ ದಿನಕ್ಕೆ ಆಸ್ಪತ್ರೆಗೆ ಸೇರಿಸಿದ್ದು. ಮೊದಲ ಎರಡು ದಿನ ಗ್ಯಾಸು ಎಂದು ಸೋಡಾ ಕುಡಿಸಿದವನು ನಾನು. ಎಮರ್ಜೆನ್ಸಿಯಲ್ಲಿ ಒಬ್ಬಳು ಸಣ್ಣ ಪ್ರಾಯದ ಡಾಕ್ಟರ್ ಕೇಳಿದಳು, ನೋವು ಯಾವಾಗಿನಿಂದ ಎಂದು. ನನಗೆ ನಾಚಿಕೆಯಾಯಿತು. ಎರಡು ದಿನ ಮನೆಯಲ್ಲಿ ಇಟ್ಟುಕೊಂಡಿರಾ ಎಂದು ಕೇಳಿದರೆ? "ಇವತ್ತು ಬೆಳಿಗ್ಗೆಯಿಂದ" ಎಂದೆ. ಅವಳು ಬರೆದುಕೊಂಡಳು. ಸತ್ಯ ಹೇಳಿದ್ದರೆ ದಮಯಂತಿ ಉಳಿಯುತ್ತಿದ್ದಳೋ ಇಲ್ಲವೋ, ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಕೊಟ್ಟುಬಿಟ್ಟಾರು.

ಭಾನುವಾರ ಹೇಳಿದ್ದೂ ಅದೇ ಮಾತು. ಇವತ್ತು ಬೆಳಿಗ್ಗೆಯಿಂದ.

ಮುಖ್ಯವಾದದ್ದನ್ನು ಬಿಡದೆ, ಶಾರ್ಟ್ ಮಾಡಿ:

6ನೇ ತಾರೀಕು ಮಧ್ಯಾಹ್ನದಿಂದ ಜ್ವರ. 7ರಂದು ಮೈ ಕೆಂಪು, ಕಣ್ಣೂ ಕೆಂಪು. 8ರಂದು ತುಟಿ ಒಡೆದಿತ್ತು, 103. 7ರಂದು ಮುದ್ದಕ್ಕನ ಮದ್ದು ಒಂದು ಸಲ. ನಾನು ಅಡಗಿಸಿಟ್ಟೆ.

ಇಷ್ಟೇ. ಇಷ್ಟಕ್ಕೆ ಏಳು ದಿನ ಬೇಕಾಯಿತು.

ಫೆಬ್ರವರಿ 13, ಗುರುವಾರ, ಆಸ್ಪತ್ರೆಯ ವರಾಂಡದಲ್ಲಿ

ಬೆಳಿಗ್ಗೆ ದೀಕ್ಷಿತಾ ಗಂಜಿ ಆರಿಸುತ್ತಿದ್ದಳು. ಈ ಪುಸ್ತಕವನ್ನು ತೆರೆದು ಅವಳ ಮುಂದೆ ಇಟ್ಟೆ.

"ಎಂತ ಇದು?"

"ಓದು. ಆರನೇ ತಾರೀಕಿನಿಂದ."

ನಿಂತುಕೊಂಡೇ ಓದಿದಳು. ಚಮಚ ಕೈಯಲ್ಲೇ ಇತ್ತು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಪುಸ್ತಕ ಮುಚ್ಚಿ, ಮಗುವನ್ನು ಎತ್ತಿಕೊಂಡು, ಬಾಗಿಲಲ್ಲಿ ನಿಂತು "ಕ್ಯಾಲ್ವಿನಣ್ಣ, ರಿಕ್ಷಾ ತೆಗೀರಿ" ಎಂದು ಕರೆದಳು. ರಿಕ್ಷಾ ಹತ್ತುವಾಗ ನಾನು ಹಿಂದೆ ಉಳಿದೆ. ಬರಬಹುದೋ ಬಾರದೋ ತಿಳಿಯಲಿಲ್ಲ.

"ಹತ್ತಿ. ಡಾಕ್ಟ್ರು ಕೇಳಿದ್ರೆ ಹೇಳ್ಲಿಕ್ಕೆ ನೀವೇ ಬೇಕಲ್ಲ."

ಡಾಕ್ಟರ್ ಬದ್ರುದ್ದೀನ್ ಕನ್ನಡಕ ಹಣೆಗೇರಿಸಿ ಓದಿದರು. ಕಣ್ಣು ಕೆಂಪು, ಪಿಸುರು ಇಲ್ಲ ಎಂಬ ಸಾಲಿನ ಮೇಲೆ ಬೆರಳಿಟ್ಟರು. ಬೆರಳು ಮಡಚಿ ಎಣಿಸಿದರು.

"ಇವತ್ತು ಎಂಟನೇ ದಿನ."

ಹಾಂ ಎಂದೆ.

"ನಿನ್ನೆ ನಾನು ನಿಮ್ಮ ಹತ್ರ ಕೇಳಿದ್ದೆ ಅಜ್ಜ."

ಅಷ್ಟೇ ಹೇಳಿದ್ದು. ಆಮೇಲೆ ನನ್ನ ಕಡೆ ನೋಡಲಿಲ್ಲ. ಫೋನ್ ತೆಗೆದು ಆಸ್ಪತ್ರೆಗೆ ಮಾತಾಡಿದರು, ಬೆಡ್, ಎಕೋ, ಇಂಜೆಕ್ಷನ್. ರಕ್ತದ ರಿಪೋರ್ಟೂ ಬಂದಿತ್ತು, ಸರಿ ಇರಲಿಲ್ಲ. ಪುಸ್ತಕದ ಆ ಪುಟಗಳ ಫೋಟೋ ತೆಗೆದುಕೊಂಡರು. ನನ್ನ ಅಕ್ಷರಗಳು, ದಮಯಂತಿಯ ಸೋಡಾದ ತನಕ, ಈಗ ಆಸ್ಪತ್ರೆಯ ಫೈಲಿನಲ್ಲಿ ಇವೆ.

ಮಧ್ಯಾಹ್ನ ಒಂದಕ್ಕೆ ಮದ್ದು ಶುರುವಾಯಿತು. ಗಾಜಿನ ಬಾಟಲಿ, ಹನಿ ಹನಿ. ಹತ್ತು ಹನ್ನೆರಡು ಗಂಟೆ ಬೇಕಂತೆ. ಬೇರೆ ಎಷ್ಟೋ ಜನ ಕೊಟ್ಟ ರಕ್ತದಿಂದ ತೆಗೆದದ್ದು ಎಂದು ನರ್ಸ್ ಹೇಳಿದಳು.

ಫೆಬ್ರವರಿ 14, ಶುಕ್ರವಾರ

ಬೆಳಿಗ್ಗೆ 101. ಮಧ್ಯಾಹ್ನ 99.6.

ರಂಜಿತ್ ಧಕ್ಕೆಯಿಂದ ನೇರ ಬಂದ. ಮೈಯಲ್ಲಿ ಡೀಸೆಲ್, ಮೀನಿನ ವಾಸನೆ. ನರ್ಸ್ ಒಳಗೆ ಬಿಡಲಿಲ್ಲ, ಕೈ ಕಾಲು ತೊಳೆದು ಬಂದ. ಗಂಡಹೆಂಡತಿ ಕಿಟಕಿಯ ಹತ್ತಿರ ನಿಂತು ಮಾತಾಡಿದರು. ಆಮೇಲೆ ಅವನು ವರಾಂಡಕ್ಕೆ ಬಂದು ನನ್ನ ಪಕ್ಕ ಕುಳಿತ.

"ಅಮ್ಮನದ್ದೂ ಹಾಗೆಯಾ ಅಪ್ಪ?"

"ಹೌದು."

ಎದ್ದು ಒಳಗೆ ಹೋದ.

ಫೆಬ್ರವರಿ 16, ಭಾನುವಾರ

ಎರಡು ದಿನದಿಂದ ಜ್ವರ ಇಲ್ಲ. ಎಕೋದಲ್ಲಿ, ಎಂದರೆ ಹೃದಯದ ಸ್ಕ್ಯಾನಿನಲ್ಲಿ, ಎಡಗಡೆಯ ನಾಳ ಸ್ವಲ್ಪ ಅಗಲ ಆಗಿದೆ ಎಂದರು. ಸ್ವಲ್ಪ ಎಂದರೆ ಎಷ್ಟು ಎಂದು ರಂಜಿತ್ ಕೇಳಿದ. ಮಿಲಿಮೀಟರಿನ ಲೆಕ್ಕ. ಮೊದಲೇ ಬಂದಿದ್ದರೆ ಆಗುತ್ತಿರಲಿಲ್ಲವೇ ಎಂದು ನಾನು ಕೇಳಿದೆ. ಎಲ್ಲರೂ ನನ್ನನ್ನು ನೋಡಿದರು.

"ಹೇಳ್ಲಿಕ್ಕೆ ಬರುದಿಲ್ಲ" ಎಂದರು ಡಾಕ್ಟರು. "ಬೇಗ ಕೊಟ್ಟವರಿಗೂ ಕೆಲವು ಸಲ ಆಗ್ತದೆ. ಮೊನ್ನೆ ಬಾರದೆ ಇದ್ದಿದ್ರೆ ಇನ್ನೂ ಹೆಚ್ಚಾಗ್ತಿತ್ತೋ ಏನೋ, ಅದೂ ಹೇಳ್ಲಿಕ್ಕೆ ಬರುದಿಲ್ಲ."

ಕೇಳಿದೆ, ಅಷ್ಟಾಯಿತು.

ದಿನಕ್ಕೊಂದು ಆಸ್ಪಿರಿನ್ ಗುಳಿಗೆ ಕೊಡಬೇಕು. ಅದು ಕೊಡುವಾಗ ಜ್ವರ ಬಂದರೆ, ಕೋಟಲೆ, ಅದೇ ಚಿಕನ್ ಪಾಕ್ಸ್, ಬಿದ್ದ ಮನೆಯ ಮಕ್ಕಳೊಡನೆ ಆಡಿದರೆ, ಆವತ್ತೇ ಹೇಳಬೇಕು, ಮಾರನೇ ದಿನ ಅಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು.

ದೀಕ್ಷಿತಾ ಮಗುವನ್ನು ಕಾಪುವಿಗೆ ಕರೆದುಕೊಂಡು ಹೋದಳು. ನಾನು ಬ್ಯಾಗ್ ಎತ್ತಿ ಕಾರಿನಲ್ಲಿ ಇಟ್ಟೆ. ಮೋಕ್ಷಾ "ಅಜ್ಜ ಕೂತ್ಕೊಳ್ಳಿ" ಎಂದು ಪಕ್ಕದ ಸೀಟು ತಟ್ಟಿದಳು.

ಫೆಬ್ರವರಿ 23, ಭಾನುವಾರ

ರಂಜಿತ್ ಮತ್ತೆ ಬೋಟಿಗೆ. ಹೋಗುವಾಗ ಈ ಸಲ ಏನೂ ಹೇಳಲಿಲ್ಲ. ಚಪ್ಪಲಿ ಹಾಕಿಕೊಂಡವನು ತಿರುಗಿ ಬಂದು, ದಮಯಂತಿಯ ಫೋಟೋದ ಮಾಲೆ ಸರಿ ಮಾಡಿ ಹೋದ.

ಮನೆಯಲ್ಲಿ ಬರೆಯುವಂಥದ್ದು ಏನೂ ಆಗುವುದಿಲ್ಲ. ಚಾರ್ಟ್ ಫ್ರಿಜ್ಜಿನ ಮೇಲೆ ಹಾಗೇ ಇದೆ, ನಾನು ತೆಗೆಯಲಿಲ್ಲ. ನೀರು ಕುಡಿಯಲು ಹೋದಾಗಲೆಲ್ಲ ಆ ಮೂರು ಸಾಲು ಕಾಣುತ್ತದೆ.

ಮುದ್ದಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಎಲೆ ಅಡಿಕೆ ಮಡಚುತ್ತಾ ಕೇಳಿದರು. "ನಾನು ಶನಿವಾರ ಹೇಳಿದ್ದೆ ನಿಮಗೆ." ಹೇಳಿದ್ದರು. ಹೇಳಿದವರ ಪಟ್ಟಿ ಉದ್ದವಾಗುತ್ತಿದೆ.

ಸಂಜೆ ಕಾಪುವಿನಿಂದ ಫೋನ್ ಬಂತು. ಮಗುವಿನ ಬೆರಳ ತುದಿಯ ಚರ್ಮ ಸುಲಿಯುತ್ತಿದೆಯಂತೆ, ಉಗುರಿನ ಬುಡದಿಂದ. ಡಾಕ್ಟರಿಗೆ ಫೋಟೋ ಕಳಿಸಿದ್ದಾಳೆ. ಈ ಕಾಯಿಲೆಯಲ್ಲಿ ಹಾಗಾಗುವುದು ಉಂಟು, ಒಳಗೆ ಹೊಸತು ಬರುತ್ತದೆ ಎಂದಿದ್ದಾರೆ. ಇದನ್ನು ಹೇಳಲು ಅವಳು ನನಗೆ ಫೋನ್ ಮಾಡಬೇಕೆಂದಿರಲಿಲ್ಲ.

ಮಾರ್ಚ್ 20, ಗುರುವಾರ

ಎಕೋ. ನಾಳ ಕಡಿಮೆಯಾಗುತ್ತಾ ಬಂದಿದೆ, ಪೂರ್ತಿ ಮೊದಲಿನಂತಾಗಿಲ್ಲ. ಇನ್ನು ಎರಡು ತಿಂಗಳು ಬಿಟ್ಟು ಮತ್ತೆ. ಗುಳಿಗೆ ನಿಲ್ಲಿಸುವ ಹಾಗಿಲ್ಲ.

ಹೊರಗೆ ಬಂದು ಮೆಟ್ಟಿಲಲ್ಲಿ ಕುಳಿತೆವು. ದೀಕ್ಷಿತಾಳ ಅಮ್ಮ ಕಾಪು ಮಾರ್ಕೆಟಿನಲ್ಲಿ ಮೀನು ಮಾರುವವರು, ಬೆಳಿಗ್ಗೆ ಐದಕ್ಕೆ ಹೊರಡಬೇಕು. ಇವಳ ರಜೆಯೂ ಮುಗಿದಿದೆ.

"ಸೋಮವಾರದಿಂದ ಮೋಕ್ಷಾ ನಿಮ್ಮ ಹತ್ರ ಇರ್ತಾಳೆ" ಎಂದಳು.

ನಾನು ಅವಳ ಮುಖ ನೋಡಿದೆ.

"ನಾನು ಮರೆತಿದ್ದೇನೆ ಅಂತ ಅಲ್ಲ ಮಾಮ. ಮರೆಯುದಿಲ್ಲ ನಾನು. ಅವಳು ದಿನಾ ಕೇಳ್ತಾಳೆ ನಿಮ್ಮನ್ನು." ಮಗುವಿನ ಕೂದಲು ಸರಿ ಮಾಡಿದಳು. "ಆ ಪುಸ್ತಕ ಪೂರ್ತಿ ಓದಿದ್ದೇನೆ. ನನ್ನ ಸಾರಿಗೆ ಹುಳಿ ಜಾಸ್ತಿಯಾ?"

"ಸ್ವಲ್ಪ."

"ಹೇಳ್ಬೇಕಿತ್ತಲ್ಲ. ಇಷ್ಟು ವರ್ಷ ಸುಮ್ಮನೆ ಉಂಡಿದ್ದೀರಿ." ನಗಲಿಲ್ಲ. "ಹೊಸ ಚಾರ್ಟ್ ಹಾಕ್ತೇನೆ. ಒಂದೇ ಮಾತು. ನೋಡಿದ್ರೆ ಬರೀರಿ, ನೋಡದೆ ಇದ್ರೆ ಖಾಲಿ ಬಿಡಿ. ಖಾಲಿ ಇದ್ರೆ ನಾನು ಬೈಯುದಿಲ್ಲ. ಅಂದಾಜು ಬೇಡ."

ಆಯಿತು ಮಗಳೇ ಎಂದೆ.

ಮಾರ್ಚ್ 24, ಸೋಮವಾರ

ಬೆಳಿಗ್ಗೆ 8: 98.2. ಆಸ್ಪಿರಿನ್ ಕೊಟ್ಟಾಯಿತು, ತಿಂಡಿಯಾದ ಮೇಲೆ. ಹಾಲು ಪೂರ್ತಿ. ದೋಸೆ ಒಂದೂವರೆ. ಗಾಜಿನ ಲೋಟ ತಂದು ನನ್ನ ಕೈಗೆ ಒತ್ತಿ ನೋಡಿದಳು, ಡಾಕ್ಟರಾಟ. "ಅಜ್ಜ, ನಿಮ್ಮದು ಹೋಗುದಿಲ್ಲ" ಎಂದಳು. ಮುದಿ ಪ್ರಾಯದ ಕಲೆ, ಹೋಗುವುದಿಲ್ಲ.

ಮಧ್ಯಾಹ್ನ 2: ನೋಡಲಿಲ್ಲ. ಅವಳನ್ನು ಮಲಗಿಸಲು ಹೋಗಿ ನನಗೆ ನಿದ್ದೆ ಬಂತು. ಎದ್ದಾಗ ನಾಲ್ಕು. ಪೆನ್ನು ಹಿಡಿದು ಫ್ರಿಜ್ಜಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಖಾಲಿ ಬಿಟ್ಟು, ಹಾಗೇ ಫೋಟೋ ಕಳಿಸಿದೆ.

ಸಂಜೆ 6: 98.4.